ಗುಜರಿಗೆ ಹಾಕೋ ಮುಂಚೆ ತಿರುಗಿಸಿ ತಳ ನೋಡಿ: ಅಂಗೈಯಗಲದ ಬ್ರಿಟಿಷ್ ಕಾರುಗಳಿಗೆ ಯಾಕಿಷ್ಟು ಬೇಡಿಕೆ?

ಚಿಟಗುಪ್ಪ: ಹಬ್ಬಕ್ಕೆ ಮನೆಗೆ ಸುಣ್ಣ ಬಣ್ಣ ಮಾಡುವಾಗ ಅಟ್ಟದ ಮೇಲಿನ ತಗಡಿನ ಡಬ್ಬಿ ಕೆಳಗಿಳಿಯುತ್ತದೆ. ಒಳಗೆ ಗೋಲಿ, ಮುರಿದ ಗೊಂಬೆ, ಬಣ್ಣ ಹೋದ ಒಂದೆರಡು ಪುಟ್ಟ ಕಾರು. "ಇದ್ನೇನ್ ಇಟ್ಕೋತೀರಿ, ಗುಜರಿಗೆ ಹಾಕ್ರಿ" ಎಂಬ ಮಾತು ಬರುತ್ತದೆ. ಕೆಜಿ ಲೆಕ್ಕದಲ್ಲಿ ಹೋಗಿಯೂ ಬಿಡುತ್ತದೆ.

ಆದರೆ ಅದೇ ಕಾರಿಗಾಗಿ ಹೈದರಾಬಾದ್, ಬೆಂಗಳೂರು, ಮುಂಬೈ ಕಡೆಯ ಸಂಗ್ರಹಕಾರರು ಹುಡುಕಾಡುತ್ತಾರೆ. ಹಳೇ ಆಟಿಕೆ ಅಂಗಡಿಗಳ ಮೂಲೆ ಕಪಾಟಿನ ತನಕ ಕೈ ಹಾಕುತ್ತಾರೆ. ಇವರು ಹುಡುಕುವುದು ಪ್ಲಾಸ್ಟಿಕ್ ಕಾರನ್ನಲ್ಲ. ಲೋಹದ್ದು, ಅಂದರೆ ಡೈ-ಕಾಸ್ಟ್ ಕಾರು. ಅದರಲ್ಲೂ ಜಾಗ್ವಾರ್, ಎಂಜಿ, ಆಸ್ಟನ್ ಮಾರ್ಟಿನ್, ಟ್ರಯಂಫ್, ಲೋಟಸ್ ಮುಂತಾದ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಮಾದರಿ ಅಂದರೆ ಬೇಡಿಕೆ ಇನ್ನೂ ಜಾಸ್ತಿ. ಇದರ ಹಿಂದಿನ ಕಥೆ ಏನು, ಮನೆಯಲ್ಲಿರುವುದಕ್ಕೆ ಬೆಲೆ ಇದೆಯೋ ಇಲ್ಲವೋ ತಿಳಿಯುವುದು ಹೇಗೆ, ಅಂಗಡಿಯವರು ಏನು ನೋಡಿಕೊಳ್ಳಬೇಕು ಎಂಬುದರ ವಿವರ ಇಲ್ಲಿದೆ.

ಬಿದರಿಯ ಲೋಹ, ಆಟಿಕೆಯ ಲೋಹ

ಡೈ-ಕಾಸ್ಟ್ ಅಂದರೆ ಏನು ಅಂತ ಬೀದರ್ ಜಿಲ್ಲೆಯವರಿಗೆ ದೂರದಿಂದ ತಿಳಿಸಿ ಹೇಳಬೇಕಿಲ್ಲ. ನಮ್ಮ ಬಿದರಿ ಹೂಜಿ, ಹೂದಾನಿಗಳ ಮೂಲ ಲೋಹ ಸತು, ಅದಕ್ಕೆ ಸ್ವಲ್ಪ ತಾಮ್ರ. ಆಟಿಕೆ ಕಾರಿನ ಮೂಲ ಲೋಹವೂ ಸತುವೇ. ಅದಕ್ಕೆ ಶೇ. 4ರಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ, ಕೆಲವು ಬಗೆಗಳಲ್ಲಿ ತಾಮ್ರ ಸೇರುತ್ತದೆ. ಈ ಮಿಶ್ರಣಕ್ಕೆ ಜಾಮಾಕ್ ಅಂತಾರೆ, ಇಂಗ್ಲೆಂಡ್‌ನಲ್ಲಿ ಮಜಾಕ್ ಎಂಬ ಹೆಸರು.

ವ್ಯತ್ಯಾಸ ಇರುವುದು ಅಚ್ಚಿನಲ್ಲಿ. ಬಿದರಿ ಕುಶಲಕರ್ಮಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ತೆಗೆದು, ಕೈಯಿಂದ ಬೆಳ್ಳಿ ಕೂರಿಸುತ್ತಾನೆ. ಆಟಿಕೆ ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚು ಇರುತ್ತದೆ. ಕರಗಿದ ಲೋಹವನ್ನು ಒತ್ತಡದಿಂದ ಅದರೊಳಗೆ ನುಗ್ಗಿಸುತ್ತಾರೆ. ಸತು ಮಿಶ್ರಣ 400 ಡಿಗ್ರಿಯೊಳಗೇ ಕರಗುತ್ತದೆ, ಹಾಗಾಗಿ ಉಕ್ಕಿನ ಅಚ್ಚು ಬೇಗ ಸವೆಯುವುದಿಲ್ಲ. ಒಂದೇ ಅಚ್ಚಿನಿಂದ ಲಕ್ಷಗಟ್ಟಲೆ ಕಾರು ತೆಗೆಯಬಹುದು. ಬಾಗಿಲ ಗೆರೆ, ದೀಪದ ಉಬ್ಬು, ಚಕ್ರದ ಕಡ್ಡಿ ತನಕ ಸಣ್ಣ ವಿವರ ಮೂಡುವುದು ಈ ಒತ್ತಡದಿಂದಲೇ.

ಶಾಲೆಯ ನಿಯಮದಿಂದ ಹುಟ್ಟಿದ ಆಟಿಕೆ

ಈ ಹುಚ್ಚು ಶುರುವಾಗಿದ್ದು ಇಂಗ್ಲೆಂಡ್‌ನಲ್ಲಿ. ಲಿವರ್‌ಪೂಲ್‌ನ ಮೆಕಾನೊ ಕಂಪನಿ 1934ರಲ್ಲಿ ಡಿಂಕಿ ಟಾಯ್ಸ್ ಎಂಬ ಹೆಸರಿನಲ್ಲಿ ಪುಟ್ಟ ವಾಹನಗಳನ್ನು ಮಾರತೊಡಗಿತು. 1947ರಲ್ಲಿ ಲಂಡನ್‌ನಲ್ಲಿ ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್ ಸೇರಿ ಲೆಸ್ನಿ ಕಂಪನಿ ತೆರೆದರು. ಇಬ್ಬರೂ ಸ್ಮಿತ್ ಆದರೂ ಸಂಬಂಧಿಕರಲ್ಲ. ಇಬ್ಬರ ಹೆಸರಿನ ತುಂಡು ಜೋಡಿಸಿದರೆ ಲೆಸ್ನಿ. ಅವರ ಜೊತೆ ಸೇರಿದ ಜಾಕ್ ಓಡೆಲ್ ಅಚ್ಚು ಮಾಡುವುದರಲ್ಲಿ ಪಳಗಿದವರು.

ಓಡೆಲ್ ಮಗಳ ಶಾಲೆಯಲ್ಲಿ ಒಂದು ನಿಯಮವಿತ್ತು: ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು ದೊಡ್ಡ ಆಟಿಕೆ ಮಾತ್ರ ತರಬಹುದು. ಅಪ್ಪ ಆ ಅಳತೆಗೆ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. ಉಳಿದ ಮಕ್ಕಳಿಗೂ ಅದೇ ಬೇಕಾಯಿತು. 1953ರಲ್ಲಿ ಮ್ಯಾಚ್‌ಬಾಕ್ಸ್ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಮಕ್ಕಳು ತಮ್ಮ ಜೇಬಿನ ಚಿಲ್ಲರೆಯಲ್ಲೇ ಕೊಳ್ಳುವ ಬೆಲೆ ಇದ್ದುದೇ ಅದರ ಗುಟ್ಟು.

ಅದೇ ಕಾಲ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಸುವರ್ಣ ಕಾಲ. 1948ರ ಜಾಗ್ವಾರ್ ಎಕ್ಸ್‌ಕೆ 120, 1955ರ ಎಂಜಿಎ, 1961ರ ಜಾಗ್ವಾರ್ ಇ-ಟೈಪ್, 1962ರ ಎಂಜಿಬಿ ಮತ್ತು ಟ್ರಯಂಫ್ ಸ್ಪಿಟ್‌ಫೈರ್. ರಸ್ತೆಗೆ ಹೊಸ ಕಾರು ಬಂದ ಒಂದೆರಡು ವರ್ಷದಲ್ಲೇ ಅದರ ಆಟಿಕೆ ಅಂಗಡಿಗೆ ಬರುತ್ತಿತ್ತು. ಮ್ಯಾಚ್‌ಬಾಕ್ಸ್‌ನ 19ನೇ ನಂಬರ್ ಎಂಜಿ, 41ನೇ ನಂಬರ್ ಜಾಗ್ವಾರ್ ಡಿ-ಟೈಪ್, 32ನೇ ನಂಬರ್ ಜಾಗ್ವಾರ್ ಇ-ಟೈಪ್ ಇವತ್ತಿಗೂ ಸಂಗ್ರಹಕಾರರ ಪಟ್ಟಿಯಲ್ಲಿವೆ.

ಎಲ್ಲಕ್ಕಿಂತ ಹೆಸರು ಮಾಡಿದ್ದು ಕಾರ್ಗಿ ಕಂಪನಿ 1965ರಲ್ಲಿ ತಂದ ಜೇಮ್ಸ್ ಬಾಂಡ್ ಕಾರು, ಆಸ್ಟನ್ ಮಾರ್ಟಿನ್ ಡಿಬಿ5. ಗುಂಡಿ ಒತ್ತಿದರೆ ಛಾವಣಿ ತೆರೆದು ಒಳಗಿನ ಸೀಟಿನ ಗೊಂಬೆ ಹೊರಗೆ ಚಿಮ್ಮುತ್ತದೆ. ಆ ಗೊಂಬೆ ಹಾರಿ ಎಲ್ಲೋ ಬಿದ್ದು ಕಳೆದುಹೋಗುತ್ತಿತ್ತು. ಹಾಗಾಗಿ ಡಬ್ಬಿ, ಗೊಂಬೆ ಎರಡೂ ಇರುವ ಕಾರಿಗೆ ಒಂದು ಬೆಲೆ, ಬರೀ ಕಾರಿಗೆ ಬೇರೆ ಬೆಲೆ.

ಕಲ್ಕತ್ತಾಕ್ಕೆ ಬಂದ ಅಚ್ಚುಗಳು

ಇದರಲ್ಲಿ ನಮ್ಮ ದೇಶದ ಪಾಲೂ ಇದೆ. ಡಿಂಕಿ ಕಂಪನಿ ತನ್ನ ಹಳೇ ಅಚ್ಚುಗಳಲ್ಲಿ ಕೆಲವನ್ನು 1960ರ ದಶಕದ ಕೊನೆಯಲ್ಲಿ ಭಾರತಕ್ಕೆ ಕೊಟ್ಟಿತು. ಅವುಗಳಿಂದ ಕಲ್ಕತ್ತಾದಲ್ಲಿ ನಿಕಿ ಟಾಯ್ಸ್ ಹೆಸರಿನ ಕಾರುಗಳು ತಯಾರಾದವು. ಅವುಗಳಲ್ಲಿ ಜಾಗ್ವಾರ್ ಇತ್ತು, ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಇತ್ತು.

ಈ ಹೆರಾಲ್ಡ್ ಹೆಸರು ಹಿರಿಯರಿಗೆ ನೆನಪಿರಬಹುದು. ಇಂಗ್ಲೆಂಡ್‌ನ ಟ್ರಯಂಫ್ ಹೆರಾಲ್ಡ್ ಕಾರೇ ಮದ್ರಾಸಿನಲ್ಲಿ ತಯಾರಾಗಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ನಮ್ಮ ರಸ್ತೆಗಳಲ್ಲಿ ಓಡಿತು. ಅದೇ ಹೆರಾಲ್ಡ್‌ನ ಚಾಸಿ ಗಿಡ್ಡ ಮಾಡಿ, ಅದರ ಮೇಲೆ ಕಟ್ಟಿದ ಎರಡು ಸೀಟಿನ ಕಾರೇ ಟ್ರಯಂಫ್ ಸ್ಪಿಟ್‌ಫೈರ್. ಎರಡನ್ನೂ ವಿನ್ಯಾಸ ಮಾಡಿದವರು ಇಟಲಿಯ ಜಿಯೋವಾನಿ ಮಿಕೆಲೊಟ್ಟಿ. ಅಂದರೆ ವಿದೇಶಿ ಸಂಗ್ರಹಕಾರ ಪೂಜೆ ಮಾಡುವ ಸ್ಪೋರ್ಟ್ಸ್ ಕಾರಿಗೂ, ನಮ್ಮ ಊರಿನ ಡಾಕ್ಟರು ವಕೀಲರು ಓಡಿಸಿದಂಥ ಕಾರಿಗೂ ಒಂದೇ ಬುಡ. ಅಂಬಾಸಿಡರ್ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಆಗಿದ್ದಂತೆಯೇ ಇದು.

ಭಾರತದಲ್ಲಿ ತಯಾರಾಗಿದ್ದು ಅನ್ನುವ ಕಾರಣಕ್ಕೆ ನಿಕಿ ಕಾರುಗಳಿಗೆ ಬೇರೆ ದೇಶದವರೂ ಗಿರಾಕಿಗಳು. ಹಾಗೆಯೇ ಲಿಯೋ ಮ್ಯಾಟೆಲ್ ಹೆಸರಿನಲ್ಲಿ ಇಲ್ಲಿ ಮಾರಾಟವಾದ ಹಳೇ ಹಾಟ್ ವೀಲ್ಸ್ ಕಾರುಗಳಿಗೂ ಕೇಳುವವರಿದ್ದಾರೆ. ಆ ಕಾಲದ ಮಕ್ಕಳು ಈಗ ನಡುವಯಸ್ಸಿನವರು. ಅಟ್ಟದ ಡಬ್ಬಿಯಲ್ಲಿ ಸಿಗುವ ಸಾಧ್ಯತೆ ಇರುವುದು ಇಂಥವೇ.

ಕಾರೂ ಮುಳುಗಿತು, ಆಟಿಕೆಯೂ ಮುಳುಗಿತು

1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ತಂದಿತು. ಅದು ಜಾರುವ ವೇಗಕ್ಕೆ ಬ್ರಿಟಿಷ್ ಆಟಿಕೆಗಳು ಮಂಕಾದವು. 1979ರಲ್ಲಿ ಲಿವರ್‌ಪೂಲ್‌ನ ಡಿಂಕಿ ಕಾರ್ಖಾನೆ ಬಂದ್ ಆಯಿತು. 1982ರಲ್ಲಿ ಮ್ಯಾಚ್‌ಬಾಕ್ಸ್‌ನ ಲೆಸ್ನಿ ದಿವಾಳಿಯಾಯಿತು. ನಡುವೆ 1980ರಲ್ಲಿ ನಿಜವಾದ ಎಂಜಿ ಕಾರು ತಯಾರಾಗುತ್ತಿದ್ದ ಆಬಿಂಗ್ಡನ್ ಕಾರ್ಖಾನೆಗೂ ಬೀಗ ಬಿತ್ತು. ದೊಡ್ಡ ಕಾರು, ಸಣ್ಣ ಕಾರು ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಕೆಳಗೆ ಬಂದವು.

ಆಮೇಲೆ ಹೆಸರುಗಳು ಕೈ ಬದಲಾದವು. ಮ್ಯಾಚ್‌ಬಾಕ್ಸ್ 1997ರಲ್ಲಿ ಹಾಟ್ ವೀಲ್ಸ್‌ನ ಒಡೆಯ ಮ್ಯಾಟೆಲ್ ಪಾಲಾಯಿತು. ಜಾಗ್ವಾರ್ 2008ರಲ್ಲಿ ನಮ್ಮ ಟಾಟಾ ಮೋಟಾರ್ಸ್ ಕೈಗೆ ಬಂತು. ಎಂಜಿ ಹೆಸರು ಚೀನಾ ಕಂಪನಿಗೆ ಹೋಗಿ, 2019ರಿಂದ ಹೆಕ್ಟರ್ ರೂಪದಲ್ಲಿ ಭಾರತದ ರಸ್ತೆಗೆ ಇಳಿದಿದೆ. ಮನ್ನಾಎಖೇಳಿ ಹೆದ್ದಾರಿಯಲ್ಲಿ ಈಗ ಓಡುವ ಎಂಜಿ ಗಾಡಿಯ ಮುಂದಿನ ಎಂಟು ಮೂಲೆಯ ಗುರುತು ಅದೇ ಹಳೇ ಸ್ಪೋರ್ಟ್ಸ್ ಕಾರಿನದ್ದು. ಮುಚ್ಚಿಹೋದ ಕಾರ್ಖಾನೆಯ ಸಾಮಾನು ಮತ್ತೆ ತಯಾರಾಗುವುದಿಲ್ಲ, ಅದಕ್ಕೇ ಹಳೆಯದಕ್ಕೆ ಬೆಲೆ.

ಅಳತೆಯ ಲೆಕ್ಕ

ಡಬ್ಬಿ ಮೇಲೆ 1:64, 1:43, 1:18 ಅಂತ ಬರೆದಿರುತ್ತದೆ. ನಿಜವಾದ ಕಾರು ಮಾದರಿಗಿಂತ ಎಷ್ಟು ಪಟ್ಟು ದೊಡ್ಡದು ಎಂಬ ಲೆಕ್ಕ ಅದು. ಜಾಗ್ವಾರ್ ಇ-ಟೈಪ್ ಸುಮಾರು 4.45 ಮೀಟರ್ ಉದ್ದ. 1:64ರಲ್ಲಿ ಅದು 7 ಸೆಂ.ಮೀ., 1:43ರಲ್ಲಿ 10 ಸೆಂ.ಮೀ. ಚಿಲ್ಲರೆ, 1:18ರಲ್ಲಿ 25 ಸೆಂ.ಮೀ. ಹತ್ತಿರ. ಹಾಟ್ ವೀಲ್ಸ್ ಸಾಮಾನ್ಯವಾಗಿ 1:64 ಆಸುಪಾಸು. ಜಾಗ ಕಮ್ಮಿ, ದುಡ್ಡು ಕಮ್ಮಿ, ಆದ್ದರಿಂದ ಹೊಸದಾಗಿ ಶುರು ಮಾಡುವವರು ಇದರಿಂದಲೇ ಶುರು ಮಾಡುತ್ತಾರೆ.

ಬೆಲೆ ನಿರ್ಧಾರ ಆಗುವುದು ಹೇಗೆ?

ಹಳೆಯದೆಲ್ಲಾ ಚಿನ್ನ ಅಲ್ಲ. ಬಣ್ಣ ಕಿತ್ತ, ಚಕ್ರ ಇಲ್ಲದ ಕಾರಿಗೆ ದೊಡ್ಡ ಬೆಲೆ ಬರುವುದು ಅಪರೂಪ. ನೋಡಬೇಕಾದ್ದು ಇಷ್ಟು:

* ತಳ: ತಿರುಗಿಸಿ ಓದಿ. ಲೆಸ್ನಿ, ಡಿಂಕಿ, ಕಾರ್ಗಿ, ನಿಕಿ, ಲಿಯೋ ಎಂಬ ಹೆಸರು ಇದೆಯಾ? ಯಾವ ದೇಶದಲ್ಲಿ ತಯಾರಾಗಿದ್ದು ಎಂದು ಇದೆಯಾ?
* ಡಬ್ಬಿ: ಮೂಲ ಡಬ್ಬಿ ಇದ್ದರೆ ಬೆಲೆ ಎಷ್ಟೋ ಪಟ್ಟು ಏರಬಹುದು. ಹರಿದಿದ್ದರೂ ಎಸೆಯಬೇಡಿ.
* ಬಣ್ಣ: ಮೂಲ ಬಣ್ಣ ಅರ್ಧ ಹೋಗಿದ್ದರೂ ಪರವಾಗಿಲ್ಲ, ಹೊಸ ಬಣ್ಣ ಬಳಿದರೆ ಬೆಲೆ ಬೀಳುತ್ತದೆ.
* ರಿವೆಟ್: ತಳದ ಮೊಳೆ ಕೊರೆದು ಮತ್ತೆ ಅಂಟಿಸಿದ ಗುರುತು ಇದ್ದರೆ ಕಾರನ್ನು ಬಿಚ್ಚಿ ಜೋಡಿಸಲಾಗಿದೆ ಎಂದರ್ಥ.
* ಅಯಸ್ಕಾಂತ: ಸತು ಅಂಟುವುದಿಲ್ಲ. ಮೈ ಪೂರ್ತಿ ಅಂಟಿದರೆ ಅದು ಕಬ್ಬಿಣದ ತಗಡು. ಚಕ್ರದ ಕಡ್ಡಿ ಮಾತ್ರ ಅಂಟಿದರೆ ಚಿಂತೆ ಇಲ್ಲ.

ಇನ್ನೊಂದು ಮುಖ್ಯ ಮಾತು. ಹಿತ್ತಾಳಿ ಬಿಂದಿಗೆ ತಿಕ್ಕುವ ಹಾಗೆ ಹುಣಸೆಹುಳಿ, ನಿಂಬೆ ಹಾಕಿ ತಿಕ್ಕಬೇಡಿ. ಹುಳಿ ಸತುವನ್ನು ತಿನ್ನುತ್ತದೆ. ಒಣ ಬ್ರಷ್, ಮೆತ್ತನೆ ಬಟ್ಟೆ ಸಾಕು. ಬಿಸಿಲು ಮತ್ತು ತೇವ ಎರಡರಿಂದಲೂ ದೂರ ಇಡಿ. ಎರಕದಲ್ಲಿ ಸೀಸ ಬೆರೆತಿದ್ದರೆ ಲೋಹ ಒಳಗಿಂದಲೇ ಬಿರುಕು ಬಿಟ್ಟು ಪುಡಿಯಾಗುತ್ತದೆ. ತುಂಬಾ ಹಳೇ ಡಿಂಕಿ ಕಾರುಗಳಲ್ಲಿ ಈ ರೋಗ ಜಾಸ್ತಿ. ಇದಕ್ಕೆ ಮದ್ದಿಲ್ಲ, ಕೊಳ್ಳುವ ಮೊದಲೇ ನೋಡಬೇಕು. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಬಾಯಿಗೆ ಹಾಕಿಕೊಳ್ಳುವ ಮಕ್ಕಳ ಕೈಗೆ ಅಂಥ ಕಾರು ಕೊಡಬಾರದು.

ಅಂಗಡಿಯವರು ಗಮನಿಸಲಿ

ಹೊಸ ಹಾಟ್ ವೀಲ್ಸ್ ಕಾರು ಇನ್ನೂರು ರೂಪಾಯಿಯೊಳಗೆ ಸಿಗುವ ಸಾಮಾನು. ಆದರೆ ಅದರಲ್ಲೇ ಕೆಲವು ಅಪರೂಪದವು ಬೆರೆತಿರುತ್ತವೆ. 1995ರಿಂದ ಕಂಪನಿ ಟ್ರೆಷರ್ ಹಂಟ್ ಎಂಬ ಸರಣಿ ಬಿಡುತ್ತಿದೆ. ಈಗಿನವುಗಳ ಮೇಲೆ ದುಂಡನೆ ಬೆಂಕಿ ಗುರುತು ಇರುತ್ತದೆ. ಇವು ಗೊತ್ತಿರುವವರು ಪೆಟ್ಟಿಗೆ ಒಡೆದ ದಿನವೇ ಬಂದು ಒಳ್ಳೊಳ್ಳೆಯದನ್ನು ಆರಿಸಿಕೊಂಡು, ಆನ್‌ಲೈನ್‌ನಲ್ಲಿ ಹಲವು ಪಟ್ಟಿಗೆ ಮಾರುತ್ತಾರೆ. ಅಂಗಡಿಯವನಿಗೆ ಸಿಗುವುದು ಮಾಮೂಲಿ ಲಾಭ, ಊರಿನ ಮಕ್ಕಳಿಗೆ ಸಿಗುವುದು ಉಳಿದದ್ದು. ಒಬ್ಬರಿಗೆ ಎರಡೋ ಮೂರೋ ಕಾರು ಅಂತ ಮಿತಿ ಹಾಕಿದರೆ ಗಿರಾಕಿಗಳು ಮತ್ತೆ ಮತ್ತೆ ಬರುತ್ತಾರೆ.

ಹಾಗಂತ ಡಬ್ಬಿ ಮೇಲಿನ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ಅದು ಕಾನೂನಿಗೆ ವಿರುದ್ಧ. ಇನ್ನೊಂದು, 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆ ಸಾಮಾನು ಅಂತ ಗುರುತಿಲ್ಲದ ಮಾಲು ತುಂಬಿಕೊಂಡರೆ ತೊಂದರೆ ಅಂಗಡಿಯವನಿಗೇ. ಲೈಸೆನ್ಸ್ ನಂಬರ್ ನಿಜವೋ ಸುಳ್ಳೋ ಎಂಬುದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೋಡಬಹುದು. ಆಮದು ಆಟಿಕೆಗಳ ಮೇಲಿನ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಗಿದೆ. ವಿದೇಶಿ ಮಾದರಿಗಳು ದುಬಾರಿಯಾಗಲು ಇದೂ ಒಂದು ಕಾರಣ.

ಮುಂಗಡ ಕೇಳಿದರೆ ಎಚ್ಚರ

ಈ ಹವ್ಯಾಸದಲ್ಲಿ ಯುವಕರು ದುಡ್ಡು ಕಳೆದುಕೊಳ್ಳುವುದು ಮುಂಗಡದಲ್ಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿ, "ಒಂದೇ ಪೀಸ್ ಉಳಿದದ, ಈಗಲೇ ಹಾಕ್ರಿ" ಅನ್ನುವುದು, ದುಡ್ಡು ಬಂದ ಮೇಲೆ ನಂಬರ್ ಬ್ಲಾಕ್ ಮಾಡುವುದು ಮಾಮೂಲಿ ತಂತ್ರ. ಕಾರಿನ ಪಕ್ಕ ಇವತ್ತಿನ ತಾರೀಖು ಬರೆದ ಚೀಟಿ ಇಟ್ಟು ವಿಡಿಯೋ ಕಳಿಸು ಅಂತ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಮೋಸ ಆದರೆ ನಾಚಿಕೆಪಡದೆ ತಕ್ಷಣ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ದುಡ್ಡು ವಾಪಸ್ ಬರುವುದು ಕಷ್ಟ.

ಮಾರುವವರಿಗೂ ಇದೇ ಮಾತು. ಮನೆಗೆ ಬಂದು "ಎಲ್ಲಾ ಸೇರಿ ಐನೂರು" ಅಂದವನಿಗೆ ಅಲ್ಲೇ ಕೊಡಬೇಡಿ. ತಳದ ಫೋಟೋ ತೆಗೆದು, ಅಂಥದ್ದೇ ಕಾರು ಮಾರಾಟವಾದ ಬೆಲೆ ಎಷ್ಟು ಅಂತ ನೋಡಿ. ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಎರಡನೆಯದೇ ನಿಜ.

ಸಾಲ ಮಾಡಿ ಈ ಕಾರು ಕೊಳ್ಳುವುದು ಬೇಡ. ಇಂದು ಏರಿದ ಬೆಲೆ ನಾಳೆ ಇಳಿಯಬಹುದು. ತಿಂಗಳಿಗೆ ಒಂದು, ಇಷ್ಟಪಟ್ಟದ್ದು, ಕೈಯಲ್ಲಿರುವ ದುಡ್ಡಿಗೆ ಎಂದು ಕೊಂಡವರ ಸಂಗ್ರಹವೇ ಕೊನೆಗೆ ಉಳಿಯುತ್ತದೆ. ಅಟ್ಟದ ಡಬ್ಬಿಯ ಕಾರಿಗೆ ಬೆಲೆ ಬರಲಿ, ಬಾರದಿರಲಿ, ಗುಜರಿ ತಕ್ಕಡಿಗೆ ಹಾಕುವ ಮೊದಲು ಅದನ್ನು ಆಡಿದವರನ್ನು ಒಂದು ಮಾತು ಕೇಳಿ. ಅವರು ಕೊಡುವುದಿಲ್ಲ ಅಂದರೆ ಅಲ್ಲಿಗೆ ಮುಗಿಯಿತು.