ಕವಿತೆಗೆ ಕಂಠವಿತ್ತ ಅನಂತಸ್ವಾಮಿ

ನವೆಂಬರ್ ಒಂದರ ಬೆಳಗ್ಗೆ ಬೆಂಗಳೂರಿನ ವಿಜಯನಗರದ ಬಳಿಯಿರುವ ಆರ್‌ಪಿಸಿ ಲೇಔಟಿನ ಬೀದಿಗಳಲ್ಲಿ ಒಂದು ಸುತ್ತು ನಡೆದು ಬನ್ನಿ. ಅಲ್ಲಲ್ಲಿ ಹಳದಿ ಕೆಂಪು ಬಾವುಟ. ಅದರ ಕೆಳಗೆ ಸಾಲಾಗಿ ನಿಂತ ಮಕ್ಕಳು. ಅವರ ಬಾಯಲ್ಲಿ ನಾಡಗೀತೆ. ಇದನ್ನು ಬರೆದವರು ಯಾರೆಂದು ಕೇಳಿದರೆ ಮಕ್ಕಳೆಲ್ಲ ಒಕ್ಕೊರಲಿನಿಂದ ‘ಕುವೆಂಪು’ ಎನ್ನುತ್ತಾರೆ. ಇದಕ್ಕೆ ಧಾಟಿ ಕೂಡಿಸಿದವರು ಯಾರೆಂದು ಕೇಳಿ ನೋಡಿ. ಮಕ್ಕಳು ಮೇಷ್ಟರ ಮುಖವನ್ನು ನೋಡಿಯಾರು. ಮೇಷ್ಟರೂ ಒಂದು ಗಳಿಗೆ ಯೋಚಿಸಿಯಾರು.

ಆ ಧಾಟಿಯ ಕರ್ತೃ ಮೈಸೂರು ಅನಂತಸ್ವಾಮಿಯವರು.

ಅವರು ಹುಟ್ಟಿದುದು 1936ರಲ್ಲಿ. ಮೈಸೂರು ಅರಮನೆಯ ವಿದ್ವಾಂಸರಾಗಿದ್ದ ಚಿಕ್ಕರಾಮರಾಯರ ಮೊಮ್ಮಗ ಎಂದ ಮೇಲೆ ಸಂಗೀತವು ಅವರಿಗೆ ಮನೆಯ ಸ್ವತ್ತೇ ಆಗಿತ್ತು. ಆದರೆ ತಾತನವರು ನಡೆದ ಕಚೇರಿಯ ರಾಜಮಾರ್ಗವನ್ನು ಮೊಮ್ಮಗ ಹಿಡಿಯಲಿಲ್ಲ. ಆ ದಿನಗಳಲ್ಲಿ ಕನ್ನಡದ ಹೊಸ ಕವಿತೆಗಳನ್ನು ಸಭೆ ಸಮಾರಂಭಗಳಲ್ಲಿ ಹಾಡಿ ಜನರನ್ನು ಮರುಳುಗೊಳಿಸುತ್ತಿದ್ದವರು ಪಿ. ಕಾಳಿಂಗರಾಯರು (1914-1981). ಅವರು ಕಡಿದ ಕಾಲುದಾರಿಯನ್ನೇ ಅನಂತಸ್ವಾಮಿಯವರು ಹಿಡಿದು, ಅದನ್ನು ಎಲ್ಲರೂ ನಡೆಯಬಲ್ಲ ಹಾದಿಯನ್ನಾಗಿ ಮಾಡಿದರು.

ಮಾತು ಮೊದಲು, ರಾಗ ಅನಂತರ

ಕವಿತೆಗೆ ರಾಗ ಹಾಕುವುದೆಂದರೆ ಸುಲಭವೆಂದು ಕೆಲವರು ಭಾವಿಸುತ್ತಾರೆ. ಅದು ಹಾಗಲ್ಲ. ವಾಗ್ಗೇಯಕಾರನ ಕೃತಿಯಲ್ಲಿ ಮಾತೂ ರಾಗವೂ ಅವಳಿಗಳಂತೆ ಒಟ್ಟಿಗೆ ಹುಟ್ಟುತ್ತವೆ. ವಿದ್ವಾಂಸನು ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಹಿಗ್ಗಿಸಿ ಹಾಡಿದರೂ ರಸಿಕರು ತಲೆದೂಗುತ್ತಾರೆ. ಆದರೆ ಹೊಸಗನ್ನಡದ ಕವಿತೆಯನ್ನು ಕವಿ ಬರೆದುದು ಓದುವುದಕ್ಕೆ. ಅದಕ್ಕೆ ಅದರದೇ ಛಂದಸ್ಸಿದೆ, ನಿಲುಗಡೆಯಿದೆ, ಒಂದು ಸಾಲಿನಿಂದ ಇನ್ನೊಂದಕ್ಕೆ ಬೆಳೆಯುವ ಅರ್ಥವಿದೆ. ರಾಗದ ಬೆಡಗಿಗಾಗಿ ಪದವನ್ನು ನಡುವೆ ಮುರಿದರೆ ಕವಿತೆ ಸತ್ತಂತೆಯೇ. ರಾಗವೇ ಇಲ್ಲದಂತೆ ಒಪ್ಪಿಸಿದರೆ ಅದು ಬರಿಯ ಪಾಠವಾದೀತು.

ಅನಂತಸ್ವಾಮಿಯವರ ಹೆಚ್ಚುಗಾರಿಕೆ ಇಲ್ಲಿಯೇ. ಜಿ. ಪಿ. ರಾಜರತ್ನಂ ಅವರ ರತ್ನ ಹೆಂಡ ಕುಡಿದವನು. ಅವನ ಮಾತು ಹಳ್ಳಿಯ ಆಡುಮಾತು. ಕುವೆಂಪು ಅವರ ನಾಡಗೀತೆಯಲ್ಲಿಯಾದರೋ ಸಂಸ್ಕೃತ ಪದಗಳ ಗಂಭೀರ ಮೆರವಣಿಗೆ. ಇವೆರಡಕ್ಕೂ ಒಂದೇ ಅಂಗಿ ಹೊಲಿಯಲಾಗುವುದೇ? ರತ್ನನಿಗೆ ಅವರು ಮಾತಿನ ತೂರಾಟವನ್ನೇ ಲಯವಾಗಿ ಕೊಟ್ಟರು. ನಾಡಗೀತೆಗೆ ನೂರು ಮಂದಿ ಕೂಡಿ ಹಾಡಬಹುದಾದ ನೇರ ನಡಿಗೆಯನ್ನು ಕೊಟ್ಟರು. ಹಾರ್ಮೋನಿಯಂ ಮುಂದಿಟ್ಟುಕೊಂಡು ಅವರು ಹಾಡಲು ಕುಳಿತರೆ, ಕವಿತೆಯನ್ನು ಎಂದೂ ಓದದವರಿಗೂ ಅದರ ಅರ್ಥ ತಟ್ಟುತ್ತಿತ್ತು.

ದೂರದ ಬ್ರೆಜಿಲ್‌ನಲ್ಲಿ

ಮಾತಿಗೆ ಮೊದಲ ಮಣೆ ಹಾಕುವ ಇಂಥ ಹಂಬಲ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಬ್ರೆಜಿಲ್ ದೇಶದಲ್ಲಿ 1931ರಲ್ಲಿ ಹುಟ್ಟಿದ ಜೊವಾವ್ ಜಿಲ್ಬರ್ಟೊ ಎಂಬ ಗಾಯಕ ತನ್ನ ಗಿಟಾರಿನೊಡನೆ, ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವಷ್ಟು ಮೆಲುದನಿಯಲ್ಲಿ ಹಾಡಿ 1958ರಲ್ಲಿ ಧ್ವನಿಮುದ್ರಿಕೆಯನ್ನು ಕೊಟ್ಟ. ಜನ ಅದನ್ನು ‘ಬೊಸಾ ನೋವಾ’, ಎಂದರೆ ಹೊಸ ರೀತಿ, ಎಂದು ಕರೆದರು. 2019ರಲ್ಲಿ ಆತ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದುವು. ಅನಂತಸ್ವಾಮಿಯವರ ಕಂಠ ತುಂಬುಕಂಠ, ಪಿಸುಮಾತಿನದಲ್ಲ. ಆದರೂ ಇಬ್ಬರೂ ಬಯಸಿದುದು ಒಂದನ್ನೇ: ಹಾಡು ಸಭಾಂಗಣದಿಂದ ಇಳಿದು ಮನೆಯೊಳಕ್ಕೆ ಬರಬೇಕು.

ಮನೆಮನೆಗೆ ‘ನಿತ್ಯೋತ್ಸವ’

ಕನ್ನಡದ ಮಟ್ಟಿಗೆ ಅದು ಆದುದು 1978ರಲ್ಲಿ. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳನ್ನು ಅನಂತಸ್ವಾಮಿಯವರ ಸಂಗೀತದಲ್ಲಿ ಅಳವಡಿಸಿಕೊಂಡ ‘ನಿತ್ಯೋತ್ಸವ’ ಆ ವರ್ಷ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷದ ಹಾಡು ಹಿಡಿದರೆ ಹೆಚ್ಚು. ಅಂಗೈಯಗಲದ ಕ್ಯಾಸೆಟ್ಟಿನಲ್ಲಾದರೋ ಒಂದು ಕವನ ಸಂಕಲನದ ಸೊಗಸೇ ಅಡಗಿತು. ಕವನ ಸಂಕಲನವನ್ನು ಕೊಳ್ಳದ ಗೃಹಸ್ಥನೂ ಕ್ಯಾಸೆಟ್ಟನ್ನು ಕೊಂಡ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಗೃಹಿಣಿಗೂ ಕವಿತೆ ಬಾಯಿಪಾಠವಾಯಿತು.

ಧಾಟಿಯ ವಿವಾದ

ಅನಂತಸ್ವಾಮಿಯವರು 1995ರ ಜನವರಿಯಲ್ಲಿ, ಅರುವತ್ತು ತುಂಬುವ ಮೊದಲೇ, ತೀರಿಕೊಂಡರು. ಕುವೆಂಪು ಅವರ ಗೀತೆಯನ್ನು ಸರ್ಕಾರವು ನಾಡಗೀತೆಯೆಂದು ಘೋಷಿಸಿದುದು 2004ರಲ್ಲಿ. ಆದರೆ ಧಾಟಿ ಮಾತ್ರ ಗೊತ್ತಾಗಲಿಲ್ಲ. ಅನಂತಸ್ವಾಮಿಯವರದೊಂದು ಧಾಟಿ, ಸಿ. ಅಶ್ವತ್ಥ್ ಅವರದೊಂದು; ಎರಡಕ್ಕೂ ಅಭಿಮಾನಿಗಳುಂಟು. ಒಂದು ಸಭೆಯಲ್ಲಿ ಬೇಗ ಮುಗಿದ ಗೀತೆ ಇನ್ನೊಂದರಲ್ಲಿ ಸಾಲುಗಳ ಪುನರಾವೃತ್ತಿಯಿಂದ ದೀರ್ಘವಾಗುತ್ತಿತ್ತು. ಕಡೆಗೆ ಗಾಯಕಿ ಎಚ್. ಆರ್. ಲೀಲಾವತಿಯವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ, 2022ರ ಸೆಪ್ಟೆಂಬರಿನಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಪುನರಾವೃತ್ತಿಯಿಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಆದೇಶವಿತ್ತಿತು. ಆದೇಶವನ್ನು ಪ್ರಶ್ನಿಸಿದ ಅರ್ಜಿಯನ್ನು ಉಚ್ಚ ನ್ಯಾಯಾಲಯವು 2024ರಲ್ಲಿ ತಳ್ಳಿಹಾಕಿತು.

ಧಾಟಿ ಹಾಕಿದವರು ಅದನ್ನು ನೋಡಲಿಲ್ಲ. ಅವರ ಮಗ, ಗಾಯಕ ರಾಜು ಅನಂತಸ್ವಾಮಿಯವರೂ ನೋಡಲಿಲ್ಲ. ಅವರು 2009ರಲ್ಲಿಯೇ ಅಕಾಲದಲ್ಲಿ ಅಗಲಿದ್ದರು. ಅದೇ ವರ್ಷದ ಕೊನೆಗೆ ಅಶ್ವತ್ಥ್ ಅವರೂ ತೀರಿಕೊಂಡಿದ್ದರು. ಯಾರ ಧಾಟಿ ಎಂಬ ವಾದ ಮುಗಿಯುವ ಹೊತ್ತಿಗೆ ಧಾಟಿ ಹಾಕಿದ ಇಬ್ಬರೂ ಇರಲಿಲ್ಲ.

ಕವಿಯ ಹೆಸರು ಪುಸ್ತಕದ ಮೇಲೆ ಅಚ್ಚಾಗಿರುತ್ತದೆ. ಧಾಟಿ ಕಟ್ಟಿದವನ ಹೆಸರಿಗೆ ಅಂಥ ಆಸರೆಯಿಲ್ಲ. ಅವನ ಕೆಲಸ ಎಷ್ಟು ಚೆನ್ನಾಗಿದ್ದರೆ ಅಷ್ಟು ಬೇಗ ಅದು ಎಲ್ಲರದೂ ಆಗಿಬಿಡುತ್ತದೆ. ಈ ಸಲದ ರಾಜ್ಯೋತ್ಸವದಂದು ನಮ್ಮ ಬೀದಿಯ ಮಕ್ಕಳು ಹಾಡಿ ಮುಗಿಸಿದ ಮೇಲೆ, ಸಿಹಿ ಹಂಚುವ ಮುನ್ನ, ಆ ಎರಡನೆಯ ಪ್ರಶ್ನೆಯನ್ನೂ ಕೇಳೋಣ. ಉತ್ತರ ಬಾರದಿದ್ದರೆ ನಾವೇ ಹೇಳಿಕೊಡೋಣ.