ಪರದೇಶದ ಬೆಟ್ಟದಲ್ಲಿ ಸೈಕಲ್ ಇಳಿಸುವ ಮುನ್ನ

ಬೆಟ್ಟ ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಲೋಕದಲ್ಲಿ ರೂಢಿಯಾಗಿರುವ ಮಾತು. ಕಾಲ್ನಡಿಗೆಯವನ ಮಟ್ಟಿಗೆ ಇದು ಅರ್ಧ ಸತ್ಯ. ಸೈಕಲ್ ಸವಾರನ ಮಟ್ಟಿಗೆ ಅಷ್ಟೂ ಸತ್ಯವಲ್ಲ. ಕಲ್ಲು, ಬೇರು, ಕೊರಕಲುಗಳಿಂದ ತುಂಬಿದ ಕಡಿದಾದ ಕಾಡುದಾರಿಯಲ್ಲಿ ಸೈಕಲನ್ನು ವೇಗವಾಗಿ ಇಳಿಸುವುದೇ ಒಂದು ಕ್ರೀಡೆಯಾಗಿ ಬೆಳೆದಿದೆ. ಡೌನ್‌ಹಿಲ್ ಮೌಂಟನ್ ಬೈಕಿಂಗ್ ಎಂದು ಅದರ ಹೆಸರು. ಈ ಸವಾರಿಗಾಗಿ ಪರದೇಶಕ್ಕೆ ಹೋಗುವವನು ಮಾಡಿಕೊಳ್ಳಬೇಕಾದ ಸಿದ್ಧತೆ ಯಾವುದು, ಒಂದೊಂದು ಸಿದ್ಧತೆಯ ಹಿಂದೆಯೂ ಇರುವ ಕಾರಣವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಇದು ಹಣವಂತರ ಆಟ, ನಮಗೇಕೆ ಎಂದು ಸಹಪಾಠಿ ಮಿತ್ರರು ಕೇಳಬಹುದು. ನನ್ನ ತಂದೆಯವರದು ಸೈಕಲ್ ರಿಪೇರಿಯ ಅಂಗಡಿ. ಪಂಕ್ಚರ್ ಹಾಕುವುದನ್ನೂ ಹಬ್ಬಿಗೆ ಗ್ರೀಸು ತುಂಬುವುದನ್ನೂ ಕಲಿತ ಮೇಲೆಯೇ ನಾನು ಕಾಲೇಜಿನ ಮೆಟ್ಟಿಲು ಹತ್ತಿದವನು. ಆದುದರಿಂದ ಈ ಆಟದ ಹುಟ್ಟಿನ ಕಥೆ ನನಗೆ ವಿಶೇಷವಾಗಿ ಹಿಡಿಸಿತು. ೧೯೭೦ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದ ಕೆಲವು ತರುಣರು ಮೂವತ್ತು ನಲವತ್ತು ವರ್ಷಗಳಷ್ಟು ಹಳೆಯ, ದಪ್ಪ ಟೈರಿನ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು, ತಾವೇ ರಿಪೇರಿ ಮಾಡಿ, ಬೆಟ್ಟದಿಂದ ಇಳಿಸತೊಡಗಿದರು. ೧೯೭೬ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಗಡಿಯಾರ ಹಿಡಿದು ಪಂದ್ಯವನ್ನೂ ನಡೆಸಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಆ ಸೈಕಲ್ಲುಗಳದು. ಒಮ್ಮೆ ಇಳಿಯುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಗತಿಯಿರಲಿಲ್ಲ. ಅದರಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು. ೧೯೯೦ರಲ್ಲಿ ಅಮೆರಿಕದ ಡುರಾಂಗೊದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಬೆಟ್ಟದ ಸೈಕಲ್ಲಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿದಾಗ ಇಳಿಜಾರಿನ ಓಟವೂ ಅದರಲ್ಲಿ ಸೇರಿತ್ತು. ಸೈಕಲ್ ರಿಪೇರಿಯಲ್ಲಿ ಹುಟ್ಟಿದ ಆಟಕ್ಕೆ ಹದಿನಾಲ್ಕೇ ವರ್ಷಗಳಲ್ಲಿ ಈ ಪದವಿ ಬಂದುದು ಸಾಮಾನ್ಯವಲ್ಲ.

ನಿದರ್ಶನಕ್ಕಾಗಿ ಒಂದು ಸ್ಥಳವನ್ನು ಇಟ್ಟುಕೊಳ್ಳೋಣ. ಆಲ್ಪ್ಸ್ ಪರ್ವತದಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡುಗಳ ಗಡಿಯ ಮೇಲೆ ‘ಪೋರ್ತ್ ದ್ಯು ಸೊಲೇ’ ಎಂಬ ಪ್ರದೇಶವಿದೆ. ಮೋರ್ಜಿನ್, ಲೆ ಜೆ, ಶಾತೆಲ್ ಎಂಬ ಊರುಗಳು ಫ್ರಾನ್ಸಿನ ಕಡೆಗೆ. ಶಾಂಪೆರಿ, ಮೋರ್ಜಾಂ ಎಂಬುವು ಸ್ವಿಟ್ಜರ್ಲೆಂಡಿನ ಕಡೆಗೆ. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರನ್ನು ಮೇಲಕ್ಕೆ ಒಯ್ಯುವ ತೂಗುಕುರ್ಚಿಗಳೇ ಬೇಸಗೆಯಲ್ಲಿ ಸೈಕಲ್ಲನ್ನೂ ಸವಾರನನ್ನೂ ಹೊತ್ತೊಯ್ಯುತ್ತವೆ. ಹತ್ತುವ ಶ್ರಮವಿಲ್ಲದ ಕಾರಣ ಒಂದೇ ದಿನದಲ್ಲಿ ಹಲವು ಸಲ ಇಳಿಯಬಹುದು. ಅನುಕೂಲವೂ ಇದೇ, ಅಪಾಯವೂ ಇದೇ. ದಣಿದ ಮೈಯನ್ನು ಯಂತ್ರವು ಮತ್ತೆ ಮತ್ತೆ ಬೆಟ್ಟದ ತುದಿಗೆ ತಂದು ನಿಲ್ಲಿಸುತ್ತದೆ.

ಆದುದರಿಂದ ಮೊದಲ ಸಿದ್ಧತೆ ಮೈಯದು. ಇಳಿಯುವವನು ಸೀಟಿನ ಮೇಲೆ ಕೂರುವುದಿಲ್ಲ. ಎರಡೂ ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು, ಮಂಡಿ ಮೊಣಕೈಗಳನ್ನು ಬಾಗಿಸಿ ನಿಂತೇ ಇರುತ್ತಾನೆ. ನೆಲದ ಪೆಟ್ಟನ್ನು ತಿನ್ನುವುದು ಅವನ ತೊಡೆ ಮತ್ತು ತೋಳುಗಳು. ಇದಕ್ಕೆ ನಮ್ಮ ಗರಡಿಮನೆಯ ದಂಡ ಬಸ್ಕಿಗಳಿಗಿಂತ ಒಳ್ಳೆಯ ಸಾಧನೆ ಬೇಕಿಲ್ಲ. ಹೊರಡುವುದಕ್ಕೆ ಮೂರು ತಿಂಗಳ ಮುಂಚೆಯೇ ಆರಂಭಿಸಿ ಕ್ರಮವಾಗಿ ಹೆಚ್ಚಿಸುತ್ತ ಹೋಗಬೇಕು. ಮುಂಗೈಗೆ ಬೇರೆ ಸಾಧನೆಯೂ ಅಗತ್ಯ. ಹ್ಯಾಂಡಲನ್ನು ಬಹಳ ಹೊತ್ತು ಬಿಗಿಹಿಡಿದರೆ ಮುಂಗೈಯ ಸ್ನಾಯುಗಳಲ್ಲಿ ರಕ್ತದ ಓಡಾಟ ಕುಂದಿ, ಅವು ಕಟ್ಟಿಗೆಯಂತೆ ಸೆಟೆದುಕೊಳ್ಳುತ್ತವೆ. ಆಗ ಬ್ರೇಕು ಹಿಡಿಯಬೇಕೆಂದರೂ ಬೆರಳು ಮಡಿಸುವುದಿಲ್ಲ. ತೊಲೆಗೆ ಜೋತುಬಿದ್ದು ಹಿಡಿತವನ್ನು ಬಲಪಡಿಸಿಕೊಳ್ಳುವುದು ಇದಕ್ಕೊಂದು ಉಪಾಯ. ದೇಹದ ಭಾರವನ್ನು ಪಾದಗಳ ಮೇಲೆ ಬಿಟ್ಟು ಕೈಗಳನ್ನು ಹಗುರವಾಗಿಡುವುದು ಇನ್ನೂ ಮೇಲಾದ ಉಪಾಯ.

ಎರಡನೆಯದು ಕಣ್ಣಿನ ಸಿದ್ಧತೆ. ಗಂಟೆಗೆ ೩೬ ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹತ್ತು ಮೀಟರ್. ಕಂಡದ್ದನ್ನು ಗ್ರಹಿಸಿ ಕೈ ಆಡಿಸಲು ಅರ್ಧ ಸೆಕೆಂಡು ಹಿಡಿದರೂ ಅಷ್ಟರಲ್ಲಿ ಐದು ಮೀಟರ್ ದಾರಿ ಹಿಂದೆ ಬಿದ್ದಿರುತ್ತದೆ. ಮುಂಗಾಲಿಯ ಕೆಳಗಿನ ಕಲ್ಲನ್ನು ನೋಡುವವನು ದಾಟಿಹೋದ ಕಲ್ಲನ್ನು ನೋಡುತ್ತಿದ್ದಾನೆಂದೇ ಅರ್ಥ. ನೋಟವನ್ನು ಮುಂದಿನ ತಿರುವಿಗೆ ನೆಡುವ ಅಭ್ಯಾಸವನ್ನು ಊರಾಚೆಯ ಗುಡ್ಡದ ಕಾಲುದಾರಿಯಲ್ಲಿ, ಕಡಿಮೆ ವೇಗದಲ್ಲಿಯೇ ಮಾಡಿಕೊಳ್ಳಬಹುದು. ತಿರುವಿಗೆ ಮುಂಚೆ ಬ್ರೇಕು ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬ್ರೇಕು ಬಿಟ್ಟು ಸಾಗುವುದನ್ನೂ ಅಲ್ಲಿಯೇ ಕಲಿಯಬೇಕು.

ಬ್ರೇಕಿನ ವಿಚಾರದಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸವಾರ ಮತ್ತು ಸೈಕಲ್ ಸೇರಿ ನೂರು ಕಿಲೋ ತೂಕವಿದ್ದು ೫೦೦ ಮೀಟರ್ ಎತ್ತರದಿಂದ ಇಳಿದರೆ ಸುಮಾರು ೪ ಲಕ್ಷ ೯೦ ಸಾವಿರ ಜೂಲ್‌ಗಳಷ್ಟು ಶಕ್ತಿ ಎಲ್ಲಿಗಾದರೂ ಹೋಗಬೇಕು. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವ ಶಕ್ತಿ ಇದು. ಗಾಳಿ ಮತ್ತು ನೆಲ ಒಂದಷ್ಟನ್ನು ನುಂಗಿದರೂ ಬಹುಪಾಲು ಬ್ರೇಕಿನ ಬಿಲ್ಲೆಗಳಲ್ಲಿ ಶಾಖವಾಗಿ ಸೇರುತ್ತದೆ. ಆದುದರಿಂದಲೇ ಈ ಸೈಕಲ್ಲುಗಳಿಗೆ ಸುಮಾರು ೨೦೦ ಮಿಲಿಮೀಟರ್ ಅಗಲದ ಬಿಲ್ಲೆಗಳನ್ನು ಹಾಕುತ್ತಾರೆ. ಕೆಲವು ಬ್ರೇಕುಗಳಲ್ಲಿ ತುಂಬುವ ಡಾಟ್ ಎಂಬ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವುಂಟು. ತೇವ ಹೀರಿದಷ್ಟೂ ಅದು ಬೇಗ ಕುದಿಯುತ್ತದೆ, ಕುದಿದರೆ ಆವಿಯ ಗುಳ್ಳೆಗಳೆದ್ದು ಬ್ರೇಕು ಹಿಡಿಯುವುದಿಲ್ಲ. ಹೊರಡುವ ಮುನ್ನ ದ್ರವವನ್ನು ಬದಲಾಯಿಸಿ, ಪ್ಯಾಡುಗಳನ್ನೂ ಹೊಸದಾಗಿ ಹಾಕಿಸುವುದು ವಿಲಾಸವಲ್ಲ, ಪ್ರಾಣರಕ್ಷಣೆ. ರೀಪ್ಯಾಕ್ ದಾರಿಯ ಹೊಗೆಯೂ ಇದನ್ನೇ ಹೇಳುತ್ತಿತ್ತು.

ರಕ್ಷಣೆಯ ಉಡುಪಿನಲ್ಲಿ ಮುಖ್ಯವಾದುದು ಗದ್ದವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್. ಎ.ಎಸ್.ಟಿ.ಎಂ. ಎಫ್ ೧೯೫೨ ಎಂಬ ಗುರುತು ಇಳಿಜಾರಿನ ಸವಾರಿಗೆಂದೇ ಗೊತ್ತುಪಡಿಸಿದ ಮಾನದಂಡದ್ದು. ಹೆಲ್ಮೆಟಿನ ಒಳಪದರವು ತಾನು ನಜ್ಜಾಗಿ ತಲೆಯನ್ನು ಉಳಿಸುತ್ತದೆ. ಜೋರಾದ ಪೆಟ್ಟೊಂದು ಬಿದ್ದ ಮೇಲೆ ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಬದಲಾಯಿಸತಕ್ಕದ್ದು. ಅಗ್ಗಕ್ಕೆ ಸಿಗುವ ಹಳೆಯ ಹೆಲ್ಮೆಟ್ ಕೊಳ್ಳಬಾರದೆಂಬುದಕ್ಕೆ ಕಾರಣ ಇದೇ. ಮಂಡಿ, ಮೊಣಕೈ, ಬೆನ್ನುಗಳ ಕವಚ, ಕನ್ನಡಕ, ಬೆರಳು ಮುಚ್ಚುವ ಗವಸು ಉಳಿದವು.

ಇನ್ನು ಸೈಕಲ್ಲನ್ನು ಒಯ್ಯುವ ವಿಚಾರ. ಇಳಿಜಾರಿನ ಸೈಕಲ್ಲು ಸಾಮಾನ್ಯವಾಗಿ ೧೫ರಿಂದ ೧೮ ಕಿಲೋ ತೂಗುತ್ತದೆ. ಅನೇಕ ವಿಮಾನಗಳಲ್ಲಿ ಒಂದು ಗಂಟಿಗೆ ೨೩ ಕಿಲೋ ಮಿತಿ. ೩೨ ಕಿಲೋ ಮೀರಿದ್ದನ್ನು ಸಾಮಾನ್ಯವಾಗಿ ಒಪ್ಪುವುದೇ ಇಲ್ಲ. ಮೊದಲ ಸಲ ಹೋಗುವವರು ಅಲ್ಲಿಯೇ ಬಾಡಿಗೆಗೆ ಪಡೆದು, ಹೆಲ್ಮೆಟನ್ನು ಮಾತ್ರ ಒಯ್ಯುವುದು ಮೇಲು. ಒಯ್ಯಲೇಬೇಕೆಂದರೆ ಗಾಲಿ, ಹ್ಯಾಂಡಲ್, ಪೆಡಲುಗಳನ್ನು ಬಿಚ್ಚಬೇಕು. ಎಡ ಪೆಡಲಿನ ಥ್ರೆಡ್ಡು ತಿರುಗುಮುರುಗು. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ. ಗಾಲಿ ತೆಗೆದ ಮೇಲೆ ಬ್ರೇಕಿನ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡೊಂದನ್ನು ಸಿಕ್ಕಿಸದಿದ್ದರೆ, ದಾರಿಯಲ್ಲಿ ಲಿವರು ಒತ್ತಿಕೊಂಡು ಪ್ಯಾಡುಗಳೆರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬ್ಯಾಟರಿಯ ಸೈಕಲ್ಲನ್ನು ಒಯ್ಯುವ ಯೋಚನೆಯನ್ನೇ ಬಿಡಬೇಕು. ೧೬೦ ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗಳನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ.

ಕಾಗದಪತ್ರಗಳ ಸಿದ್ಧತೆ ನಮ್ಮಂಥವರಿಗೆ ಬೆಟ್ಟಕ್ಕಿಂತಲೂ ಕಡಿದಾಗಿ ಕಾಣುತ್ತದೆ. ಆದರೆ ನಿಯಮಗಳು ಸ್ಪಷ್ಟವಾಗಿವೆ. ಫ್ರಾನ್ಸ್, ಸ್ವಿಟ್ಜರ್ಲೆಂಡುಗಳೆರಡೂ ಷೆಂಗೆನ್ ಒಪ್ಪಂದಕ್ಕೆ ಸೇರಿದ ಕಾರಣ ಒಂದೇ ವೀಸಾ ಎರಡಕ್ಕೂ ಸಲ್ಲುತ್ತದೆ. ಹೆಚ್ಚು ದಿನ ತಂಗುವ ದೇಶದ ಹೆಸರಿನಲ್ಲಿ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಸಲ್ಲದು. ಹದಿನೈದು ದಿನಕ್ಕಿಂತ ತಡವೂ ಕೂಡದು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಪಡೆದದ್ದಾಗಿದ್ದು, ಹಿಂದಿರುಗುವ ದಿನದ ಮೇಲೆ ಇನ್ನೂ ಮೂರು ತಿಂಗಳು ನಡೆಯುವಂತಿರಬೇಕು. ಕನಿಷ್ಠ ೩೦,೦೦೦ ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಕಡ್ಡಾಯ.

ಈ ವಿಮೆಯ ಬಗೆಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ವೀಸಾಕ್ಕೆ ಸಾಕಾಗುವ ವಿಮೆ ಸವಾರಿಗೆ ಸಾಕಾಗಬೇಕೆಂದಿಲ್ಲ. ಅನೇಕ ವಿಮಾ ಪತ್ರಗಳಲ್ಲಿ ಸಾಹಸ ಕ್ರೀಡೆಯಿಂದಾದ ಗಾಯಕ್ಕೆ ಪರಿಹಾರವಿಲ್ಲವೆಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಇಳಿಜಾರಿನ ಸೈಕಲ್ ಸವಾರಿಯ ಹೆಸರು ಹೇಳಿ, ಬೆಟ್ಟದಿಂದ ಗಾಯಾಳುವನ್ನು ಇಳಿಸುವ ವೆಚ್ಚವೂ ಅದರಲ್ಲಿ ಸೇರಿದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ಉಳ್ಳವರ ಮನೆಯಲ್ಲಿ ಮುರಿದ ಎಲುಬು ಆರು ವಾರದಲ್ಲಿ ಕೂಡುತ್ತದೆ. ಮಗನ ಓದಿಗಾಗಿ ಎಮ್ಮೆ ಮಾರಿದ ಮನೆಯಲ್ಲಿ ಎಲುಬು ಕೂಡಿದರೂ ಪರದೇಶದ ಆಸ್ಪತ್ರೆಯ ಸಾಲ ತೀರುವುದಿಲ್ಲ. ಸವಾರನೊಬ್ಬನೇ ಬೆಟ್ಟ ಇಳಿಯುವಂತೆ ಕಂಡರೂ ಅವನ ಹಿಂದೆ ಇಡೀ ಮನೆ ಕುಳಿತಿರುತ್ತದೆ.

ಅಲ್ಲಿಗೆ ಮುಟ್ಟಿದ ಮೇಲೆ ಮಾಡಬೇಕಾದುದು ಸ್ವಲ್ಪ. ದಾರಿಗಳನ್ನು ಹಸಿರು, ನೀಲಿ, ಕೆಂಪು, ಕಪ್ಪು ಎಂದು ಕಷ್ಟದ ಕ್ರಮದಲ್ಲಿ ಗುರುತಿಸಿರುತ್ತಾರೆ. ಊರಿನಲ್ಲಿ ಎಷ್ಟೇ ನಿಪುಣನಾಗಿರಲಿ, ಮೊದಲ ದಿನ ಹಸಿರಿನಿಂದಲೇ ಆರಂಭಿಸಬೇಕು. ಹೊಸ ದಾರಿಯನ್ನು ಮೊದಲು ನಿಧಾನವಾಗಿ ಇಳಿದು ನೋಡಿ, ಆಮೇಲೆ ವೇಗ ಹೆಚ್ಚಿಸಬೇಕು. ಆಲ್ಪ್ಸಿನಲ್ಲಿ ಬಿಸಿಲು ಹೋಗಿ ಮಳೆ ಬರಲು ಹೆಚ್ಚು ಹೊತ್ತು ಬೇಡ; ಒದ್ದೆಯಾದ ಬೇರು ಎಣ್ಣೆ ಹಚ್ಚಿದಂತೆ ಜಾರುತ್ತದೆ. ಎರಡು ದೇಶಗಳಲ್ಲಿಯೂ ಆಪತ್ತಿಗೆ ೧೧೨ಕ್ಕೆ ದೂರವಾಣಿ ಮಾಡಬಹುದು. ಮೈ ದಣಿದಾಗ ಕೊನೆಯ ಒಂದು ಸಲ ಎಂಬ ಆಸೆಯನ್ನು ಬಿಡಬೇಕು.

೨೦೧೧ರಲ್ಲಿ ಇದೇ ಪ್ರದೇಶದ ಶಾಂಪೆರಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಮಳೆಯಿಂದ ದಾರಿ ಕೆಸರಾಗಿತ್ತು. ಬ್ರಿಟನ್ನಿನ ಡ್ಯಾನಿ ಹಾರ್ಟ್ ಎಂಬ ತರುಣ ಹನ್ನೊಂದು ಸೆಕೆಂಡಿಗೂ ಹೆಚ್ಚಿನ ಅಂತರದಿಂದ ಗೆದ್ದ. ಆಗ ಅವನ ವಯಸ್ಸು ಇಪ್ಪತ್ತರ ಆಸುಪಾಸು, ಎಂದರೆ ನಮ್ಮ ತರಗತಿಯವರ ವಯಸ್ಸು. ಆ ಓಟವನ್ನು ನೋಡಿದವರು ಅವನ ಧೈರ್ಯವನ್ನು ಹೊಗಳುತ್ತಾರೆ. ಸೈಕಲ್ ಅಂಗಡಿಯ ಹುಡುಗನಾದ ನನಗೆ, ಅಂದು ಬೆಟ್ಟದ ತುದಿಯಲ್ಲಿ ಅವನ ಬ್ರೇಕು, ಟೈರುಗಳನ್ನು ಪರೀಕ್ಷಿಸಿ ಬಿಟ್ಟ ಕೈಗಳ ನೆನಪೂ ಆಗುತ್ತದೆ.