ಹುಲ್ಲಿನ ಗಾಡಿ ಯಾಕೆ ಮಗುಚುತ್ತೆ?

ಹಿಂಗಾರಿ ಜೋಳದ ರಾಶಿ ಮುಗಿಯಿತು ಅಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ರಸ್ತೆಗಳಲ್ಲಿ ಕಣಿಕೆ ಹೇರಿದ ಟ್ರ್ಯಾಕ್ಟರುಗಳು ಕಾಣತೊಡಗುತ್ತವೆ. ಹೊಸೂರು ಕಡೆ ರಾಗಿ ಹುಲ್ಲು, ರಾಯದುರ್ಗ, ಮಡಕಶಿರಾ ಕಡೆ ಶೇಂಗಾ ಬಳ್ಳಿ, ಕಾಸರಗೋಡಿನಲ್ಲಿ ಬೈಹುಲ್ಲು. ವಯನಾಡಿನ ದನಗಳಿಗೆ ಗಡಿಯಾಚೆಯಿಂದ ಲಾರಿಯಲ್ಲಿ ಹುಲ್ಲು ಬರುತ್ತದೆ. ಈಗೀಗ ಬೇಲರ್ ಯಂತ್ರ ಹೊಲದಲ್ಲೇ ಹುಲ್ಲನ್ನು ಒತ್ತಿ ಪೆಂಡಿ ಕಟ್ಟಿಕೊಡುತ್ತದೆ. ಹೇರುವ ಕೆಲಸ ಸಲೀಸಾಗಿದೆ.

ಹೇರುವಾಗ ಒಂದು ಮಾತು ನೀವೂ ಕೇಳಿರುತ್ತೀರಿ: "ಹುಲ್ಲಲ್ವಾ, ಎಷ್ಟು ಭಾರ ಆಗುತ್ತೆ? ಇನ್ನೆರಡು ಸಾಲು ಏರಿಸು." ಹುಲ್ಲು ಹಗುರ, ನಿಜ. ಹಗುರ ಅನ್ನೋ ಕಾರಣಕ್ಕೇ ಅದನ್ನು ಎತ್ತರಕ್ಕೆ ಹೇರುತ್ತೇವೆ. ಗಾಡಿ ಮಗುಚುವುದೂ ಆ ಎತ್ತರದಿಂದಲೇ. ಹೇಗೆ ಅಂತ ಲೆಕ್ಕ ಹಾಕಿ ನೋಡೋಣ.

ಮರಳಿನ ಗಾಡಿ, ಹುಲ್ಲಿನ ಗಾಡಿ

ಒಂದು ವಸ್ತುವಿನ ತೂಕವೆಲ್ಲ ಒಂದೇ ಬಿಂದುವಿನಲ್ಲಿ ಸೇರಿದೆ ಎಂದು ಭಾವಿಸಬಹುದಾದ ಜಾಗವೇ ಗುರುತ್ವಕೇಂದ್ರ. ಆ ಬಿಂದುವಿನಿಂದ ನೇರ ಕೆಳಕ್ಕೆ ಎಳೆದ ಗೆರೆ ಎರಡು ಗಾಲಿಗಳ ನಡುವೆ ಬೀಳುವವರೆಗೆ ಗಾಡಿ ನಿಂತಿರುತ್ತದೆ. ಗೆರೆ ಗಾಲಿಯ ಆಚೆ ಹೋಯಿತೋ, ಗಾಡಿ ಮಗುಚುತ್ತದೆ.

1500 ಕಿಲೋ ತೂಕದ ಒಂದು ಖಾಲಿ ಟ್ರೇಲರ್ ಇದೆ ಎಂದುಕೊಳ್ಳಿ. ಎಡ ಗಾಲಿಗೂ ಬಲ ಗಾಲಿಗೂ ನಡುವೆ 1.6 ಮೀಟರ್. ಅದಕ್ಕೆ 4000 ಕಿಲೋ ಮರಳು ತುಂಬಿದರೆ ಮರಳು ತಳದಲ್ಲೇ ಕೂರುತ್ತದೆ. ಟ್ರೇಲರ್ ಮತ್ತು ಮರಳು ಸೇರಿದ ಗುರುತ್ವಕೇಂದ್ರ ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಅದೇ ಟ್ರೇಲರಿಗೆ ಬರೀ 2000 ಕಿಲೋ ಹುಲ್ಲಿನ ಪೆಂಡಿ ಹೇರಿದರೆ ಹೊರೆಯ ತುದಿ ನೆಲದಿಂದ 4 ಮೀಟರಿಗೆ ಏರುತ್ತದೆ. ಗುರುತ್ವಕೇಂದ್ರ 1.8 ಮೀಟರಿಗೆ ಹೋಗುತ್ತದೆ.

ಈಗ ಒಂದು ಪಕ್ಕದ ಗಾಲಿಗಳು ರಸ್ತೆ ಬಿಟ್ಟು ಚರಂಡಿಗೆ ಇಳಿದವು ಎಂದುಕೊಳ್ಳಿ. ಮರಳಿನ ಗಾಡಿ ಸುಮಾರು 34 ಡಿಗ್ರಿ ವಾಲುವವರೆಗೂ ತಡೆದುಕೊಳ್ಳುತ್ತದೆ. ಹುಲ್ಲಿನ ಗಾಡಿ 24 ಡಿಗ್ರಿಗೇ ಮಗುಚುತ್ತದೆ. ಅಂದರೆ ಗಾಲಿ 65 ಸೆಂಟಿಮೀಟರ್ ಕೆಳಗಿಳಿದರೆ ಸಾಕು. ಅರ್ಧ ತೂಕದ ಹೊರೆ ಹೊತ್ತ ಗಾಡಿಯೇ ಮೊದಲು ಬಿತ್ತು, ನೋಡಿದಿರಾ?

ತಿರುವಿನಲ್ಲಿ ಏನಾಗುತ್ತದೆ?

ಗಾಡಿ ತಿರುಗುವಾಗ ಟೈರುಗಳು ರಸ್ತೆಯನ್ನು ಹಿಡಿದು ಒಳಕ್ಕೆ ತಿರುಗುತ್ತವೆ. ಮೇಲಿನ ಹೊರೆಗೆ ಜಡತ್ವ ಇದೆಯಲ್ಲ, ಅದು ನೇರವಾಗಿಯೇ ಹೋಗಲು ನೋಡುತ್ತದೆ. ಗಾಡಿ ಹೊರಪಕ್ಕಕ್ಕೆ ವಾಲುತ್ತದೆ. ಮಗುಚುವ ವೇಗವನ್ನು ಈ ಸೂತ್ರದಿಂದ ತಿಳಿಯಬಹುದು:

ವೇಗದ ವರ್ಗ = 9.8 × ತಿರುವಿನ ತ್ರಿಜ್ಯ × (ಗಾಲಿಗಳ ನಡುವಿನ ಅಂತರದ ಅರ್ಧ ÷ ಗುರುತ್ವಕೇಂದ್ರದ ಎತ್ತರ)

12 ಮೀಟರ್ ತ್ರಿಜ್ಯದ ತಿರುವಿನಲ್ಲಿ ನಮ್ಮ ಹುಲ್ಲಿನ ಗಾಡಿಗೆ 9.8 × 12 × (0.8 ÷ 1.8) ಅಂದರೆ ಸುಮಾರು 52. ಇದರ ವರ್ಗಮೂಲ 7.2. ಸೆಕೆಂಡಿಗೆ 7.2 ಮೀಟರ್ ಅಂದರೆ ಗಂಟೆಗೆ ಬರೀ 26 ಕಿಲೋಮೀಟರ್! ಸೈಕಲ್ಲನ್ನು ಜೋರಾಗಿ ತುಳಿದಷ್ಟೇ ವೇಗ. ಟೈರು ಅದುಮಿಕೊಂಡು ಹೊರೆ ಓಲಾಡುವುದರಿಂದ ನಿಜವಾದ ರಸ್ತೆಯಲ್ಲಿ ಇದಕ್ಕೂ ಕಡಿಮೆ ವೇಗದಲ್ಲೇ ಮಗುಚಬಹುದು. ಮರಳಿನ ಗಾಡಿಯ ಲೆಕ್ಕ ನೀವೇ ಮಾಡಿ. 32 ಬಂದರೆ ಸರಿ.

ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿನಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅಂಥ ಕಡೆ ಅನುಭವಸ್ಥ ಚಾಲಕರು ಇಳಿಯುವ ಮುಂಚೆಯೇ ಸಣ್ಣ ಗೇರಿಗೆ ಹಾಕುತ್ತಾರೆ. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕ್ ಕಾಯುವುದಿಲ್ಲ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿದರೆ ಈ ಹಿಡಿತ ಹೋಗಿಬಿಡುತ್ತದೆ. ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಮುಂದಿನ ಟ್ರ್ಯಾಕ್ಟರ್ ತಕ್ಷಣ ನಿಂತರೆ ಹಿಂದಿನ ಹೊರೆ ಅದನ್ನು ದಬ್ಬುತ್ತದೆ.

ಹೇರುವುದೂ ಒಂದು ವಿದ್ಯೆ

ಗೋಡೆ ಕಟ್ಟುವವರು ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನು ನೇರ ಇಡುವುದಿಲ್ಲ. ಕೆಳಗಿನ ಎರಡು ಇಟ್ಟಿಗೆಯ ಸಂದು ಮುಚ್ಚುವ ಹಾಗೆ ಮೇಲಿನದನ್ನು ಇಡುತ್ತಾರೆ. ಪೆಂಡಿಗಳನ್ನೂ ಹಾಗೇ ಜೋಡಿಸಬೇಕು. ಆಗ ಸಾಲುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒದ್ದೆಯಾಗಿ ಭಾರವಾದ ಪೆಂಡಿ ಇದ್ದರೆ ಅದು ತಳಕ್ಕೆ ಅಂತ ಹಾಕಬೇಡಿ, ಅದನ್ನು ಹೇರಲೇಬೇಡಿ. ಹಸಿ ಹುಲ್ಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಪೆಂಡಿ ಒಳಗೊಳಗೇ ಕಾಯುತ್ತದೆ. ಬಿಸಿ ಹೊರಗೆ ಹೋಗಲು ದಾರಿ ಸಿಗದಿದ್ದರೆ ತಾನಾಗಿಯೇ ಬೆಂಕಿ ಹತ್ತುವುದೂ ಉಂಟು.

ಹಗ್ಗ ಬಿಗಿದಾಗ ಅದು ಹೊರೆಯನ್ನು ಕೆಳಕ್ಕೆ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಪೆಂಡಿಗಳ ನಡುವಿನ ಘರ್ಷಣೆ ಹೆಚ್ಚುತ್ತದೆ, ಜಾರುವುದು ತಪ್ಪುತ್ತದೆ. ಆದರೆ ಗಾಡಿ ಕುಲುಕಿದಂತೆ ಹುಲ್ಲು ಅಡಗುತ್ತದೆ, ಹಗ್ಗ ಸಡಿಲವಾಗುತ್ತದೆ. ಅದಕ್ಕೇ ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಹಗ್ಗವನ್ನು ಮತ್ತೆ ಬಿಗಿಯಬೇಕು.

ಎತ್ತಿನ ಗಾಡಿ ಹಿಂಭಾರ ಆದರೆ ನೊಗ ಮೇಲಕ್ಕೆ ಏಳುತ್ತದೆ ಅಂತ ನಿಮ್ಮ ಅಜ್ಜನಿಗೆ ಗೊತ್ತು. ಎರಡು ಗಾಲಿಯ ಟ್ರೇಲರಿಗೂ ಅದೇ ನಿಯಮ. ಹೊರೆ ಹಿಂದಕ್ಕೆ ಹೆಚ್ಚಾದರೆ ಕೊಂಡಿ ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಟ್ರ್ಯಾಕ್ಟರಿನ ದೊಡ್ಡ ಗಾಲಿಗಳಿಗೆ ನೆಲದ ಹಿಡಿತ ಕಡಿಮೆಯಾಗಿ ಬ್ರೇಕೂ ಸರಿಯಾಗಿ ಹತ್ತುವುದಿಲ್ಲ. ಹೊರೆ ಯಾವಾಗಲೂ ತುಸು ಮುಂಭಾರ ಇರಬೇಕು.

ಮೇಲೆ ತಂತಿ ಇದೆ!

ಹುಲ್ಲಿನ ಗಾಡಿಯ ಮೇಲೆ ಕೂತು ಮನೆಗೆ ಬರುವುದು ಅಂದರೆ ಖುಷಿ. ಆದರೆ ಈ ಲೆಕ್ಕ ನೋಡಿ. ವಿದ್ಯುತ್ ಸುರಕ್ಷತಾ ನಿಯಮದ ಪ್ರಕಾರ 11 ಕಿಲೋವೋಲ್ಟಿನ ಬರಿ ತಂತಿ ರಸ್ತೆಯನ್ನು ದಾಟುವ ಕಡೆ ನೆಲದಿಂದ ಕನಿಷ್ಠ 6.1 ಮೀಟರ್ ಎತ್ತರ ಇರಬೇಕು. ರಸ್ತೆ ಬಿಟ್ಟು ಹೊಲದ ಮೇಲೆ ಹೋಗುವ ಕಡೆ 4.6 ಮೀಟರ್ ಇದ್ದರೂ ಸಾಕು. ನಮ್ಮ ಹೊರೆಯ ಎತ್ತರ 4 ಮೀಟರ್. ಅದರ ಮೇಲೆ ಕೂತ ಹುಡುಗನ ತಲೆ ಇನ್ನೂ ಸುಮಾರು 0.8 ಮೀಟರ್ ಮೇಲೆ. ಒಟ್ಟು 4.8! ತಂತಿ ನಿಯಮದಂತೆಯೇ ಇದ್ದರೂ ತಲೆಗೆ ತಾಗುತ್ತದೆ. ಕಂಬ ವಾಲಿದ್ದರೆ ಕೇಳುವುದೇ ಬೇಡ. ಇಷ್ಟು ವೋಲ್ಟಿನ ತಂತಿಯನ್ನು ಮುಟ್ಟಬೇಕೆಂದೂ ಇಲ್ಲ, ತೀರಾ ಹತ್ತಿರ ಹೋದರೂ ಕಿಡಿ ಹಾರುತ್ತದೆ. ಒಂದು ಕಿಡಿ ಸಾಕು, ಒಣ ಹುಲ್ಲು ಹೊತ್ತಿಕೊಳ್ಳುತ್ತದೆ.

ಆದ್ದರಿಂದ ಹೊರೆಯ ಮೇಲೆ ಯಾರೂ ಕೂರಬಾರದು. ಅಪ್ಪ, ಕಾಕಾ ಕರೆದರೂ ಬೇಡ ಅನ್ನಿ.

ಗಾಡಿಗೆ ತಂತಿ ತಾಗಿದ್ದು ಕಂಡರೆ ಹತ್ತಿರ ಓಡಬೇಡಿ, ಸುತ್ತಲಿನ ನೆಲದಲ್ಲೂ ವಿದ್ಯುತ್ ಹರಿಯುತ್ತಿರುತ್ತದೆ. ದೂರದಿಂದಲೇ ಕೂಗಿ ಹೇಳಿ, 112ಕ್ಕೆ ಫೋನ್ ಮಾಡಿಸಿ. ಬೆಂಕಿ ಹತ್ತದಿದ್ದರೆ ಕರೆಂಟು ತೆಗೆಯುವವರೆಗೆ ಚಾಲಕರು ಸೀಟು ಬಿಟ್ಟು ಇಳಿಯಬಾರದು. ಬೆಂಕಿ ಹತ್ತಿದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ಹಾರಿ, ಹಾಗೇ ಕಾಲು ಕೂಡಿಸಿಕೊಂಡೇ ದೂರ ಸರಿಯಬೇಕು.

ಮಾಡಿ ನೋಡಿ

ಬೇಕಾದ ಸಾಮಾನು: ಖಾಲಿ ಬೆಂಕಿಪೊಟ್ಟಣ, ಅಂಟು, ಪರೀಕ್ಷೆ ಬರೆಯುವ ರಟ್ಟು, ಕೋನಮಾಪಕ.

ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಅಂಟಿಸಿ ಎರಡು ಗೋಪುರ ಮಾಡಿ. ಮೊದಲನೆಯದರ ಎತ್ತರ ಅದರ ಅಗಲದಷ್ಟೇ ಇರಲಿ, ಎರಡನೆಯದು ಅದರ ಎರಡರಷ್ಟು. ರಟ್ಟಿನ ಮೇಲೆ ಅಡ್ಡಲಾಗಿ ನಿಲ್ಲಿಸಿ. ಜಾರದಂತೆ ಗೋಪುರದ ಕೆಳಬದಿಗೆ ತೆಳು ಕಡ್ಡಿಯೊಂದನ್ನು ರಟ್ಟಿಗೆ ಅಂಟಿಸಿ. ಈಗ ರಟ್ಟನ್ನು ನಿಧಾನವಾಗಿ ಎತ್ತುತ್ತಾ, ಬೀಳುವ ಕೋನ ಅಳೆಯಿರಿ. ಒಂದು 45 ಡಿಗ್ರಿಯ ಹತ್ತಿರ, ಇನ್ನೊಂದು 27ರ ಹತ್ತಿರ ಬೀಳಬೇಕು. ಉದ್ದನೆಯ ಗೋಪುರದ ತಳದ ಪೊಟ್ಟಣದಲ್ಲಿ ಮರಳು ತುಂಬಿ ಮತ್ತೆ ಮಾಡಿ. ಕೋನ ಹೆಚ್ಚಾಯಿತೋ ಕಡಿಮೆಯಾಯಿತೋ? ಯಾಕೆ?

ನಿಮ್ಮ ಕೈಲಾಗುವುದು

ಮನೆಯಲ್ಲಿ ಹುಲ್ಲು ಹೇರುವ ದಿನ ಗಾಡಿಯ ಸುತ್ತ ಒಮ್ಮೆ ಬನ್ನಿ. ಹಿಂದಿನ ದೀಪ, ಕೆಂಪು ರಿಫ್ಲೆಕ್ಟರ್ ಹುಲ್ಲಿನಲ್ಲಿ ಮುಚ್ಚಿದೆಯೇ? ಮುಚ್ಚಿದ್ದರೆ ಕತ್ತಲಲ್ಲಿ ಹಿಂದೆ ಬರುವ ಬೈಕಿನವರಿಗೆ ಗಾಡಿ ಕಾಣುವುದೇ ಇಲ್ಲ. ಪೆಂಡಿ ಪಕ್ಕಕ್ಕೆ ಚಾಚಿದೆಯೇ? 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ 20,000 ರೂಪಾಯಿ ದಂಡ ಇದೆ. ಹೋಗುವ ದಾರಿಯಲ್ಲಿ ತಂತಿ ಜೋತುಬಿದ್ದ ಜಾಗ ಇದೆಯೇ? ಕಂಡಿದ್ದನ್ನು ಚಾಲಕರಿಗೆ ಹೇಳಿ: "ಕಾಕಾ, ಲೈಟು ಮುಚ್ಚೈತಿ. ಮೇಲಿನ ಒಂದು ಸಾಲು ಇಳಸೂಣು, ಇನ್ನೊಂದು ಖೇಪ್ ಹೊಡದರ ಆತು."